ಮೊದಲ ಕ್ಯಾಮೆರಾ: ರಾತ್ರಿ ಬಯಲಾಟ, ಹಗಲು ತೋಟದ ಹಕ್ಕಿ, ಕೈಯಲ್ಲಿ 45,000

ತೋಟದಮನೆ:

ಎಲ್ಲರಿಗೂ ನಮಸ್ಕಾರ. ಊರು ಹೊಸನಗರದ ಹತ್ತಿರ. ಇಲ್ಲಿಯವರೆಗೆ ಫೋನಲ್ಲೇ ಫೋಟೋ, ಈಗ ಒಂದು ಸರಿಯಾದ ಕ್ಯಾಮೆರಾ ತಗೋಬೇಕು ಅಂತಿದ್ದೇನೆ. ಬಜೆಟ್ 45,000, ತೀರಾ ಬೇಕೆಂದರೆ ಇನ್ನೊಂದೆರಡು ಸಾವಿರ ಸೇರಿಸಬಹುದು. ತೆಗೆಯೋದು ಮುಖ್ಯವಾಗಿ ಎರಡು. ಸೀಸನ್‌ನಲ್ಲಿ ಸುತ್ತಮುತ್ತ ಆಗುವ ಬಯಲಾಟ, ಮತ್ತೆ ಅಡಿಕೆ ತೋಟಕ್ಕೆ ಬರುವ ಹಕ್ಕಿಗಳು: ಮಿಂಚುಳ್ಳಿ, ಕಾಜಾಣ, ಸೂರಕ್ಕಿ, ಅದೃಷ್ಟ ಇದ್ದ ದಿನ ಮಂಗಟ್ಟೆ. ವಿಡಿಯೋ ಬೇಡ.

ಅಂಗಡಿಯಲ್ಲಿ ಕ್ಯಾನನ್ 1500ಡಿ ತೋರಿಸಿದರು. ಎರಡು ಲೆನ್ಸ್ (18-55, 55-250 ಎಂಎಂ; ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತಂತೆ), ಜೊತೆಗೆ ಬ್ಯಾಗು, 16 ಜಿಬಿ ಕಾರ್ಡು, ಟ್ರೈಪಾಡ್ ಫ್ರೀ. ಇದರಲ್ಲಿ ಎಲ್ಲಾ ಬರುತ್ತೆ ಅಂದರು. ತಗೊಂಡುಬಿಡಲಾ? ಇಲ್ಲಾ ಸೆಕೆಂಡ್ ಹ್ಯಾಂಡ್ ನೋಡಲಾ? ನಮ್ಮ ಕಡೆ ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುತ್ತೆ ಅಂತಲೂ ಹೆದರಿಸುತ್ತಾರೆ.

ಎಫ್‌ಎಂಟು:

ಎಲ್ಲಾ ಬರುತ್ತೆ ಅನ್ನೋದು ಹಗಲಿನ ಮಾತು. ರಾತ್ರಿ ಆಟದ ಲೆಕ್ಕ ಬೇರೆ, ಅದನ್ನ ಒಮ್ಮೆ ಕೂಡಿಸಿ ಕಳೆದು ನೋಡಿಬಿಡಿ, ಆಮೇಲೆ ಯಾವ ಅಂಗಡಿಯವರೂ ನಿಮಗೆ ಏನೂ ಒಪ್ಪಿಸೋಕೆ ಆಗಲ್ಲ.

ರಂಗಸ್ಥಳದ ಬೆಳಕಿಗೆ ಎಫ್/2.8 (ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್; ಅಂಕಿ ಚಿಕ್ಕದಾದಷ್ಟು ಅಗಲ), ಐಎಸ್‌ಒ 3200 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಶಟರ್ 1/250 (ಬೆಳಕು ಒಳಗೆ ಬರೋ ಹೊತ್ತು, ಸೆಕೆಂಡಿನ ಲೆಕ್ಕದಲ್ಲಿ) ಸರಿ ಕೂರುತ್ತೆ ಅಂತಿಟ್ಟುಕೊಳ್ಳಿ. ಅಂಗಡಿಯವರು ಕೊಡುವ ಎರಡು ಲೆನ್ಸಿನಲ್ಲಿ ಯಾವುದನ್ನೇ ಪೂರ್ತಿ ಜೂಮ್ ಮಾಡಿದರೂ ಅಪರ್ಚರ್ ಎಫ್/5.6ಕ್ಕಿಂತ ಅಗಲ ತೆರೆಯಲ್ಲ. ಎಫ್/2.8ಕ್ಕೆ ಹೋಲಿಸಿದರೆ ಒಳಗೆ ಬರೋ ಬೆಳಕು ಕಾಲು ಭಾಗ. ಅಂದರೆ ಶಟರ್ 1/60ಕ್ಕೆ ಇಳಿಯುತ್ತೆ. 1/60ರಲ್ಲಿ ಸುಮ್ಮನೆ ನಿಂತು ಅರ್ಥ ಹೇಳುವ ವೇಷ ಬರಬಹುದು, ಗಿರಕಿ ಹೊಡೆಯುವ ಪುಂಡುವೇಷ ಬರಲ್ಲ. ಕೈ, ಗೆಜ್ಜೆ, ಕಿರೀಟದ ತುದಿ ಎಲ್ಲಾ ಎಳೆದಂತಾಗುತ್ತೆ. 1/250ನ್ನೇ ಉಳಿಸಿಕೊಳ್ಳಬೇಕಂದ್ರೆ ಐಎಸ್‌ಒ 12800 ಬೇಕು. 1500ಡಿಯಲ್ಲಿ ಮಾಮೂಲಿ ಐಎಸ್‌ಒ 6400ಕ್ಕೆ ಮುಗಿಯಿತು, 12800 ಅನ್ನೋದು ಮೆನುವಿನಲ್ಲಿ ಬೇರೆಯಾಗಿ ಆನ್ ಮಾಡಬೇಕಾದ್ದು, ಹಾಕಿದರೆ ಕಪ್ಪು ಹಿನ್ನೆಲೆ ತುಂಬಾ ಬಣ್ಣದ ರವೆ ಚೆಲ್ಲಿದಂತಿರುತ್ತೆ.

ಅದೇ ಜಾಗದಲ್ಲಿ 50 ಎಂಎಂ ಎಫ್/1.8 ಲೆನ್ಸ್ ಹಾಕಿ. ಐಎಸ್‌ಒ 3200ರಲ್ಲಿ ಶಟರ್ 1/600 ಸಿಗುತ್ತೆ, ಅಥವಾ 1/250ಕ್ಕೆ ಐಎಸ್‌ಒ 1300 ಸಾಕು. ಈ ವ್ಯತ್ಯಾಸವನ್ನ ಬಾಡಿ ಬದಲಿಸಿ ತರೋಕೆ ಹೋದರೆ ಲಕ್ಷ ಖರ್ಚಾಗುತ್ತೆ, ಲೆನ್ಸ್ ಬದಲಿಸಿದರೆ ಕೆಲವೇ ಸಾವಿರ. ಲೆನ್ಸಿನ ಮೇಲೆ ಐಎಸ್ ಅಥವಾ ವಿಆರ್ ಅಂತ ಬರೆದಿರೋದು ನಿಮ್ಮ ಕೈ ನಡುಕಕ್ಕೆ ಮಾತ್ರ ಮದ್ದು, ಕುಣಿಯುವವರನ್ನ ಅದು ನಿಲ್ಲಿಸಲ್ಲ.

50 ಎಂಎಂ ಜೂಮ್ ಆಗಲ್ಲವಲ್ಲ ಅಂತ ಯೋಚನೆ ಬೇಡ. ಈ ದರ್ಜೆಯ ಸೆನ್ಸರ್‌ನಲ್ಲಿ (ಒಳಗೆ ಚಿತ್ರ ಬೀಳುವ ಚಿಪ್ಪು; ಕ್ಯಾನನ್‌ದು 22.3 ಎಂಎಂ ಅಗಲ, ನಿಕಾನ್‌ದು 23.5) ರಂಗಸ್ಥಳದಿಂದ 5 ಮೀಟರ್ ದೂರ ಕೂತು ಕ್ಯಾಮೆರಾ ನೆಟ್ಟಗೆ ನಿಲ್ಲಿಸಿ ಹಿಡಿದರೆ ಸುಮಾರು 2.2 ಮೀಟರ್ ಎತ್ತರ ಒಳಗೆ ಬರುತ್ತೆ. ಕಿರೀಟದ ತುದಿಯಿಂದ ಗೆಜ್ಜೆವರೆಗೆ ಒಂದು ವೇಷ ಕೂರೋದಕ್ಕೆ ಇಷ್ಟು ಜಾಗ ಸಾಕು. ಆ ದೂರದಲ್ಲಿ ಎಫ್/1.8 ಇಟ್ಟರೂ ಹಿಂದೆ ಮುಂದೆ ಸೇರಿ 70 ಸೆಂಟಿಮೀಟರ್ ಸ್ಪಷ್ಟವಾಗಿ ಸಿಗುತ್ತೆ. ಆದರೆ ಚೌಕಿಯಲ್ಲಿ ಬಣ್ಣ ಹಾಕುವಾಗ ಒಂದೂವರೆ ಮೀಟರ್‌ನಿಂದ ತೆಗೆದರೆ ಸ್ಪಷ್ಟ ಇರೋದು 6 ಸೆಂಟಿಮೀಟರ್ ಮಾತ್ರ, ಕಣ್ಣು ಸರಿ ಬಂದರೆ ಕಿವಿ ಮಸುಕು. ಅಲ್ಲಿ ಎಫ್/4ಕ್ಕೆ ಬನ್ನಿ.

ಹಕ್ಕಿಗೆ ಬಂದರೆ, 55-250 ಕೆಟ್ಟದಲ್ಲ. ಮಿಂಚುಳ್ಳಿ (ನಮ್ಮ ಬಿಳಿಗಂಟಲಿನದು) 28 ಸೆಂಟಿಮೀಟರ್. 10 ಮೀಟರ್ ದೂರದಲ್ಲಿ 250 ಎಂಎಂ ಹಾಕಿದರೆ ಫೋಟೋದ ಅಗಲದಲ್ಲಿ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ ತುಂಬುತ್ತೆ, 24 ಮೆಗಾಪಿಕ್ಸೆಲ್‌ನಲ್ಲಿ ಕತ್ತರಿಸಿಕೊಂಡರೆ ಚೆನ್ನಾಗೇ ಇರುತ್ತೆ. 20 ಮೀಟರ್ ಆದರೆ ಅದರ ಅರ್ಧ. ಸೂರಕ್ಕಿ 10 ಸೆಂಟಿಮೀಟರ್ ಅಷ್ಟೇ, 10 ಮೀಟರಿನಲ್ಲಿ ಅದು ಒಂದು ಚುಕ್ಕೆ.

ಹಾಗಾಗಿ ನನ್ನ ಮಟ್ಟಿಗೆ: ಬಾಡಿ ಹಳೇದಿದ್ದರೂ ಸರಿ, 50 ಎಂಎಂ ಎಫ್/1.8 ಒಂದು, 250 ಅಥವಾ 300 ಎಂಎಂ ತನಕ ಹೋಗುವ ಜೂಮ್ ಒಂದು. 1500ಡಿ ಸೆಟ್ಟೇ ತಗೊಂಡರೂ 50 ಎಂಎಂಗೆ ದುಡ್ಡು ಎತ್ತಿಡಿ. ಇನ್ನೊಂದು: ಲೆನ್ಸಿನ ಮುಂಭಾಗದ ಉಂಗುರ ಓದಿ. ಕ್ಯಾನನ್ 18-55ರಲ್ಲಿ ಐಎಸ್ ಇಲ್ಲದ್ದೂ ಬರುತ್ತೆ; 55-250ರಲ್ಲಿ ಎಸ್‌ಟಿಎಂ ಅಂತ ಇರೋದು ಹಳೆಯ ಐಎಸ್ 2ಕ್ಕಿಂತ ಚುರುಕು, ಸ್ಪಷ್ಟತೆಯೂ ಹೆಚ್ಚು. ಫ್ರೀ ಟ್ರೈಪಾಡ್ 250 ಎಂಎಂ ಹೊತ್ತು ಗಾಳಿಗೆ ನಿಲ್ಲಲ್ಲ, ಅದನ್ನ ಲೆಕ್ಕಕ್ಕೆ ಹಿಡಿಯಬೇಡಿ.

ಕೆರೆದಂಡೆ:

ಹಕ್ಕಿಯೇ ಮುಖ್ಯ ಆದರೆ ನಿಕಾನ್ ಪಿ950 ಯಾಕೆ ಬೇಡ? ಲೆನ್ಸ್ ಬದಲಿಸೋ ರಗಳೆ ಇಲ್ಲ, 24ರಿಂದ 2000 ಎಂಎಂಗೆ ಸಮ. 20 ಮೀಟರಿನ ಮಿಂಚುಳ್ಳಿ ಫ್ರೇಮ್ ತುಂಬಾ ಬರುತ್ತೆ. ಹಕ್ಕಿ ಪಟ್ಟಿ ಮಾಡೋರಿಗೆ, ಇದು ಯಾವ ಹಕ್ಕಿ ಅಂತ ಗುರುತು ಹಿಡಿಯೋಕೆ ಅದಕ್ಕಿಂತ ಸುಲಭದ್ದಿಲ್ಲ.

ಎಫ್‌ಎಂಟು:

ಬಿಸಿಲಲ್ಲಿ ಒಪ್ಪುತ್ತೇನೆ. ರಂಗನತಿಟ್ಟಿನಲ್ಲಿ ದೋಣಿ ಮೇಲೆ, ಮಾಗಡಿ ಕೆರೆ ದಂಡೆಯಲ್ಲಿ ಬೆಳಗ್ಗೆ ಎಂಟರ ಬಿಸಿಲಲ್ಲಿ ಅದು ರಾಜ. ಇವರು ಕೇಳಿರೋದು ಅಡಿಕೆ ತೋಟ. ಮರದ ಕೆಳಗೆ ಮಧ್ಯಾಹ್ನವೂ ಅರೆಗತ್ತಲು. ಪಿ950ರ ಸೆನ್ಸರ್ 6.2 x 4.6 ಎಂಎಂ, 1500ಡಿಯದು 22.3 x 14.9, ವಿಸ್ತೀರ್ಣದಲ್ಲಿ ಹನ್ನೆರಡು ಪಟ್ಟು ಹತ್ತಿರ ವ್ಯತ್ಯಾಸ. ಪೂರ್ತಿ ಜೂಮ್‌ನಲ್ಲಿ ಎಫ್/6.5. ನೆರಳಲ್ಲಿ ಗರಿಯ ನವಿರು ಅಳಿಸಿ ಬಣ್ಣ ಬಳಿದ ಹಾಗೆ ಕಾಣುತ್ತೆ. ಇನ್ನು ರಾತ್ರಿ ಆಟಕ್ಕೆ ಅದನ್ನ ಒಯ್ಯೋದೇ ಬೇಡ.

ದೂರ ಕಡಿಮೆ ಮಾಡೋದು ಜೂಮ್ ಕೊಳ್ಳೋದಕ್ಕಿಂತ ಅಗ್ಗ. ಕೊಟ್ಟಿಗೆ ಕಿಟಕಿಯಿಂದ 5 ಮೀಟರಿಗೆ ಅಗಲದ ಮಣ್ಣಿನ ಬಾನಿಯಲ್ಲಿ ಎರಡು ಬೆರಳು ನೀರಿಡಿ, ಪಕ್ಕದಲ್ಲೊಂದು ಒಣ ಟೊಂಗೆ ನೆಡಿ, ಟೊಂಗೆಯ ಹಿಂದೆ ಐದಾರು ಮೀಟರ್ ಖಾಲಿ ಇರಲಿ. ಬೇಸಿಗೆಯಲ್ಲಿ ವಾರದೊಳಗೆ ಪಿಕಳಾರ ಶುರುವಾಗುತ್ತೆ, ಉಳಿದವು ಹಿಂದೆ ಬರ್ತವೆ. ದೂರ ಅರ್ಧ ಆದರೆ ಹಕ್ಕಿ ಎರಡು ಪಟ್ಟು. ನೀರು ದಿನಾ ಬದಲಿಸಿ. ಫೋನಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು ಮಾತ್ರ ಬೇಡ, ಗೂಡು ಕಟ್ಟುವ ಹೊತ್ತಲ್ಲಿ ಅವು ಮೊಟ್ಟೆ ಬಿಟ್ಟು ಜಗಳಕ್ಕೆ ಬರ್ತವೆ.

ಪೇಡೆನಗರಿ:

ನೋಡ್ರಿ, ಹೊಸಾದಕ್ಕ ರೊಕ್ಕಾ ಹಾಕೋದಾದ್ರ ಡಿಎಸ್‌ಎಲ್‌ಆರ್ (1500ಡಿಯಂಗ ಒಳಗ ಕನ್ನಡಿ ಇರೂ ಕ್ಯಾಮೆರಾ) ಯಾಕ್ ಬೇಕ್ರಿ? ಕ್ಯಾನನ್ 850ಡಿ, ನಿಕಾನ್ ಡಿ780, ಡಿ6 ಎಲ್ಲಾ 2020ರವು, ಆಮ್ಯಾಲೆ ಇಬ್ಬರದೂ ಹೊಸಾ ಡಿಎಸ್‌ಎಲ್‌ಆರ್ ಮಾಡೆಲ್ ಬಂದಿಲ್ಲ. ಮಿರರ್‌ಲೆಸ್‌ನ್ಯಾಗ (ಕನ್ನಡಿ ಇಲ್ಲದ್ದು) ಕ್ಯಾನನ್ ಆರ್50 ಐತಿ, ಹಕ್ಕಿ ಕಣ್ಣು ತಾನಽ ಹುಡುಕಿ ಹಿಡೀತದ. ಕಲಿಯೋರಿಗೆ ಅದೊಂದು ದೊಡ್ಡ ಉಪಕಾರ. ಆದ್ರ ಕಿಟ್ ಜೋಡಿ ನಿಮ್ಮ ಬಜೆಟ್ ದಾಟ್ತದ, ಮತ್ತ ಅದರ 18-45 ಲೆನ್ಸ್ 45ಕ್ಕ ಹೋದ್ರ ಎಫ್/6.3, ರಾತ್ರಿ ಆಟಕ್ಕ ಇನ್ನೂ ಕತ್ತಲಿ. 50 ಎಂಎಂ ಬ್ಯಾರೇನಽ ತಗೋಬೇಕು.

ಅಗ್ಗ ಐತಿ ಅಂತ ಆರ್100ಕ್ಕ ಕೈ ಹಾಕಬ್ಯಾಡ್ರಿ. ಪರದೆ ತಿರುಗೂದಿಲ್ಲ, ಟಚ್ ಇಲ್ಲ, ಮನಷಾರ ಕಣ್ಣು ಹಿಡೀತದ, ಹಕ್ಕೀದು ಹಿಡಿಯೂದಿಲ್ಲ. ಇನ್ನಾ ಹದಿನೈದು ಸಾವಿರ ಕೂಡಿಸೂ ಮಟಾ ತಡೀತೀರಿ ಅಂದ್ರ ಆರ್50. ಈಗಽ ಬೇಕಂದ್ರ ಎಫ್‌ಎಂಟು ಅವರು ಹೇಳಿದ್ದಽ ಖರೆ, ಸೆಕೆಂಡ್ ಹ್ಯಾಂಡ್.

ತೋಟದಮನೆ:

ತುಂಬಾ ಉಪಕಾರ ಆಯ್ತು. ಈ ಸೀಸನ್ ಬಿಡೋ ಮನಸ್ಸಿಲ್ಲ. ಒಂದು ನಿಕಾನ್ ಡಿ7200 ಕಂಡಿದೆ: ಬಾಡಿ, 18-140 ಲೆನ್ಸ್, ಎರಡು ಬ್ಯಾಟರಿ, ಒಟ್ಟು 29,000 ಹೇಳ್ತಿದ್ದಾರೆ. 38,000 ಕ್ಲಿಕ್ ಆಗಿದೆಯಂತೆ. ಮಂಗಳೂರಿಗೆ ಹೋಗಿ ನೋಡಬೇಕು. ಏನೇನು ನೋಡಲಿ?

ಕುಂದಾಪ್ರಗಾಜು:

ಡಿ7200 ಆ ದುಡ್ಡಿಗೆ ಒಳ್ಳೇದೇ. 2015ರ ಮಾಡೆಲ್, 51 ಫೋಕಸ್ ಪಾಯಿಂಟ್, ಎರಡು ಕಾರ್ಡ್ ಸ್ಲಾಟ್, ಶಟರ್ ಒಂದೂವರೆ ಲಕ್ಷ ಕ್ಲಿಕ್ಕಿಗೆ ಪರೀಕ್ಷೆ ಆದದ್ದು. ಬಾಡಿಯಲ್ಲೇ ಫೋಕಸ್ ಮೋಟರ್ ಇರೋದ್ರಿಂದ ಹಳೆಯ 50 ಎಂಎಂ ಎಫ್/1.8ಡಿ ಲೆನ್ಸ್ ಕಡಿಮೆಗೆ ಸಿಕ್ಕಿದರೆ ಹಾಕಬಹುದು; ಡಿ3500, ಡಿ5600ರಲ್ಲಿ ಅದೇ ಲೆನ್ಸ್ ಕೈಯಲ್ಲಿ ತಿರುಗಿಸಿ ಫೋಕಸ್ ಮಾಡಬೇಕು. ತೂಕ ಮಾತ್ರ ಬ್ಯಾಟರಿ ಸೇರಿ 765 ಗ್ರಾಂ, ಲೆನ್ಸ್ ಬೇರೆ.

ಹೋಗುವ ಮೊದಲು ಮನೆಯಲ್ಲೇ ಕೂತು ಮಾಡೋ ಕೆಲಸ ಒಂದಿದೆ. ಇವತ್ತು ತೆಗೆದ ಒಂದು ಜೆಪೆಗ್, ಎಡಿಟ್ ಮಾಡದೆ ಕಳಿಸಿ ಅನ್ನಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿ ಹೋಗ್ತದೆ, ಡಾಕ್ಯುಮೆಂಟ್ ಅಂತ ಕಳಿಸಬೇಕು. ನಿಕಾನ್ ಫೈಲಿನ ಎಕ್ಸಿಫ್‌ನಲ್ಲಿ (ಅದೇ ಆ ಒಳಗಿನ ಮಾಹಿತಿ) ಶಟರ್ ಎಣಿಕೆಯೂ ಸೀರಿಯಲ್ ನಂಬರೂ ಇರ್ತದೆ. ಆ ನಂಬರ್, ಬಾಡಿಯ ಅಡಿಯಲ್ಲಿರೋದು, ಬಿಲ್ಲಿನಲ್ಲಿರೋದು, ಮೂರೂ ಒಂದೇ ಇರಬೇಕು. ಬಿಲ್ ಕಳೆದುಹೋಗಿದೆ ಅಂದ್ರೆ ಮಂಗಳೂರಿನ ಬಸ್ಸು ಹತ್ತಬೇಡಿ ಮಾರಾಯ್ರೆ.

ಹೋಗುವಾಗ ಒಂದು ಸಣ್ಣ ಟಾರ್ಚು, ಖಾಲಿ ಕಾರ್ಡು, ಸಾಧ್ಯ ಆದರೆ ಒಂದು ಲ್ಯಾಪ್‌ಟಾಪ್. ಮೊದಲು ಲೆನ್ಸ್, ಯಾಕಂದ್ರೆ ಕರಾವಳಿಯಲ್ಲಿ ಕೆಡೋದು ಅದೇ. ಬಾಡಿಯಿಂದ ಬಿಚ್ಚಿ. ಹಿಂಬದಿಯಲ್ಲಿ ಒಂದು ಸಣ್ಣ ಲೋಹದ ಸನ್ನೆ ಕಾಣ್ತದೆ, ಅದನ್ನ ಉಗುರಲ್ಲಿ ತಳ್ಳಿ ಹಿಡಿದರೆ ಅಪರ್ಚರ್ ಪೂರ್ತಿ ತೆರೆದುಕೊಳ್ತದೆ. ಹಾಗೇ ಹಿಡಿದು ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಡಿ, ಮುಂದಿನಿಂದ ನೋಡಿ. ಆಮೇಲೆ ತಿರುಗಿಸಿ ಇನ್ನೊಂದು ಕಡೆಯಿಂದ. ಚುಕ್ಕೆ ಚುಕ್ಕೆ ಇದ್ದರೆ ಧೂಳು, ಹತ್ತಿಪ್ಪತ್ತು ಇದ್ದರೂ ಫೋಟೋದಲ್ಲಿ ಬರೋದಿಲ್ಲ. ಜೇಡನ ಬಲೆಯಂತೆ ಕವಲೊಡೆದ ನೂಲು, ಅಂಚಿನಿಂದ ನಡುವಿಗೆ ಹಬ್ಬಿದ್ದು ಕಂಡರೆ ಫಂಗಸ್. ಇಡೀ ಗಾಜು ಉಸಿರು ತಾಗಿದ ಕನ್ನಡಿ ಹಾಗಿದ್ದರೆ ಹೇಜ್, ಅದು ಫಂಗಸ್‌ಗಿಂತ ಹೆಚ್ಚು ಫೋಟೋ ಕೆಡಿಸ್ತದೆ, ದೀಪ ಎದುರಿದ್ದಾಗ ಎಲ್ಲಾ ಬೆಳ್ಳಗೆ ಮಾಡಿಬಿಡ್ತದೆ. ಫಂಗಸ್ ಅಂಚಲ್ಲಿ ಒಂದು ಎಳೆ ಇದ್ದರೂ ನಿಮ್ಮ ಊರಿನ ಮಳೆಗೆ ಅದು ಬೆಳೀತದೆ. ಬಾಡಿ ಮಾತ್ರ ಕೊಡಿ, ಬೆಲೆ ಇಳಿಸಿ ಅನ್ನಿ. ಸನ್ನೆ ಬಿಟ್ಟಾಗ ಎಲೆಗಳು ಟಪ್ ಅಂತ ಮುಚ್ಚಬೇಕು. ಸೋಮಾರಿಯಾಗಿ ಮುಚ್ಚಿದರೆ ಎಣ್ಣೆ ಇಳಿದಿದೆ ಅಂತ.

ಈ ಸನ್ನೆ ನಿಕಾನ್ ಎಫ್ ಮೌಂಟ್‌ನ (ನಿಕಾನ್ ಡಿಎಸ್‌ಎಲ್‌ಆರ್‌ಗೆ ಲೆನ್ಸ್ ಕೂರುವ ಜೋಡಣೆ) ಹೆಚ್ಚಿನ ಲೆನ್ಸ್‌ಗಳಲ್ಲಿ ಉಂಟು. ಕ್ಯಾನನ್‌ನಲ್ಲಿ ಅಪರ್ಚರ್ ಕರೆಂಟಿನಿಂದ ಮುಚ್ಚೋದು, ಅಲ್ಲಿ ಬಾಡಿಗೆ ಹಾಕಿಯೇ ಎಫ್/16ರಲ್ಲಿ ತೆಗೆದು ನೋಡಬೇಕು.

ಸೆನ್ಸರಿಗೆ: ಎ ಮೋಡ್ (ಅಪರ್ಚರ್ ನಾವಿಡೋದು, ಶಟರ್ ಕ್ಯಾಮೆರಾ ನೋಡಿಕೊಳ್ತದೆ), ಐಎಸ್‌ಒ 100, ಎಫ್/22, ಫೋಕಸ್ ಮ್ಯಾನುಯಲ್‌ಗೆ ತಂದು ಪೂರಾ ಕೆಡಿಸಿ, ಬಿಳಿ ಗೋಡೆಗೆ ತಿರುಗಿಸಿ ಕ್ಯಾಮೆರಾ ಅಲ್ಲಾಡಿಸುತ್ತಲೇ ಒಂದು ತೆಗೀರಿ. ಲ್ಯಾಪ್‌ಟಾಪಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿ. ಬೂದು ಮಚ್ಚೆಗಳು ಧೂಳು, ತೊಳೆಸಿದರೆ ಹೋಗ್ತದೆ. ಕೂದಲೆಳೆಯಂಥ ಗೀರು ಚೂಪಾಗಿ, ಎಲ್ಲಾ ಫೋಟೋದಲ್ಲೂ ಒಂದೇ ಜಾಗದಲ್ಲಿ ಇದ್ದು ಗಾಳಿ ಊದುವ ಬ್ಲೋವರಿಗೂ ಹೋಗದಿದ್ದರೆ ಬೇಡವೇ ಬೇಡ.

ಫೋಕಸ್ ಸರಿಯುಂಟಾ ನೋಡೋದಕ್ಕೆ ಒಂದು ಪೇಪರನ್ನ ಗೋಡೆಗೆ ಅಂಟಿಸಿ, ಲೆನ್ಸ್ 140ಕ್ಕೆ ತಂದು ಅಪರ್ಚರ್ ಪೂರ್ತಿ ತೆರೆದು, ಮೊದಲು ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿ), ಆಮೇಲೆ ಲೈವ್‌ವ್ಯೂನಲ್ಲಿ (ಹಿಂದಿನ ಪರದೆ ನೋಡಿ) ಫೋಕಸ್ ಮಾಡಿ ತೆಗೀರಿ. ಲೈವ್‌ವ್ಯೂ ಚೂಪಾಗಿ ಬಂದು ವ್ಯೂಫೈಂಡರಿನದು ಮಸುಕಾದರೆ ಫೋಕಸ್ ಹಿಂದೆ ಮುಂದೆ ಬೀಳ್ತಾ ಉಂಟು. ಡಿ7200ರಲ್ಲಿ ಅದನ್ನ ಮೆನುವಿನಲ್ಲೇ ಸರಿಮಾಡಬಹುದು. ಡಿ5600, 1500ಡಿ ಆದರೆ ಸರ್ವಿಸ್ ಸೆಂಟರೇ ಗತಿ. ಕೊನೆಗೆ ಎರಡೂ ಕಾರ್ಡ್ ಸ್ಲಾಟ್, ಫ್ಲ್ಯಾಶ್, ಎಲ್ಲಾ ಗುಂಡಿ ಒತ್ತಿ ನೋಡಿ. ಬಲಗೈ ಹಿಡಿಯುವಲ್ಲಿ ರಬ್ಬರ್ ಎದ್ದಿದ್ದರೆ ಹೆದರಬೇಡಿ, ಅಂಟಿಸಿದರೆ ಆಯ್ತು. ಅಡಿಯ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ, ಯಾಕೆ ಅಂತ ಕೇಳಿ.

ಉಳಿದ 16,000ದಲ್ಲಿ ಮೊದಲು 50 ಎಂಎಂ. ಹಕ್ಕಿಗೆ ನಿಕಾನಿನ ಎಎಫ್-ಪಿ 70-300 ಲೆನ್ಸ್ ಸೆಕೆಂಡ್ ಹ್ಯಾಂಡ್ ಹುಡುಕಿ, ಹೆಸರಿನಲ್ಲಿ ವಿಆರ್ ಅಂತ ಇರೋದನ್ನೇ ತಗೊಳ್ಳಿ, ವಿಆರ್ ಇಲ್ಲದ್ದೂ ಮಾರ್ತಾರೆ. ಬಾಡಿಯ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹೊಸದಿರಲಿ. ಓದುವ ಬೇರೆಯವರಿಗೂ ಹೇಳ್ತೇನೆ: ಡಿ90, ಡಿ3100, ಡಿ5100, ಡಿ7000 ಇದ್ದವರಿಗೆ ಈ ಎಎಫ್-ಪಿ ಲೆನ್ಸ್ ಫೋಕಸ್ ಆಗೋದೇ ಇಲ್ಲ.

ಮಳೆಜಾಸ್ತಿ:

ಫಂಗಸ್ ಪ್ರಶ್ನೆ ಉಳಿದುಹೋಯ್ತು. ಅಂಗಡಿಯವರು ಕೊಡುವ ಬ್ಯಾಗಿನಲ್ಲೇ ಇಟ್ಟರೆ ಖಂಡಿತಾ ಹಿಡಿಯುತ್ತೆ. ಆ ಸ್ಪಂಜು ಆಷಾಢದ ತೇವ ಹೀರಿಕೊಂಡು ಕೂತಿರುತ್ತೆ. ಗಾಳಿಯ ತೇವಾಂಶ ಶೇ. 60 ದಾಟಿ ವಾರಗಟ್ಟಲೆ ನಿಂತರೆ ಫಂಗಸ್‌ಗೆ ಹಬ್ಬ. ಇಟ್ಟುಕೊಳ್ಳಬೇಕಾದ್ದು 40ರಿಂದ 50. ತೀರಾ 30ರ ಕೆಳಗೆ ಒಣಗಿಸೋದೂ ಬೇಡ, ರಬ್ಬರ್, ಗ್ರೀಸಿಗೆ ಒಳ್ಳೇದಲ್ಲ.

ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಇದ್ದರೆ ಚಿಂತೆಯೇ ಇಲ್ಲ. ಈಗಲೇ ಬೇಡ ಅಂದರೆ ಮುಚ್ಚಳಕ್ಕೆ ರಬ್ಬರ್ ಪಟ್ಟಿ, ನಾಲ್ಕು ಕಡೆ ಕ್ಲಿಪ್ ಇರುವ 10 ಲೀಟರಿನ ಪ್ಲಾಸ್ಟಿಕ್ ಡಬ್ಬ, ಒಳಗೆ ಬಟ್ಟೆ ಚೀಲದಲ್ಲಿ ಕಾಲು ಕೆಜಿ ಸಿಲಿಕಾ ಜೆಲ್, ಒಂದು ಪುಟ್ಟ ಡಿಜಿಟಲ್ ತೇವಾಂಶ ಮಾಪಕ. ಮಾಪಕ ಬಿಡಬೇಡಿ, ಅದಿಲ್ಲದೆ ಡಬ್ಬದೊಳಗೆ ಏನಾಗ್ತಿದೆ ಅಂತ ಗೊತ್ತೇ ಆಗಲ್ಲ. ಅಂಕಿ 55 ದಾಟಿತು ಅಂದರೆ ಜೆಲ್ ಹುರಿಯುವ ಸಮಯ. ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ, ಬಣ್ಣ ಮರಳುವವರೆಗೆ. ಜೋರು ಉರಿ ಕೊಟ್ಟರೆ ಕಾಳು ಸಿಡಿದು ಕಪ್ಪಾಗಿ ಕೆಲಸಕ್ಕೆ ಬಾರದಾಗುತ್ತೆ. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ, ತೇವ ಕುಡಿದರೆ ಹಸಿರಾಗುತ್ತೆ. ನೀಲಿಯದು ಗುಲಾಬಿಯಾಗೋದು ಚೆನ್ನಾಗಿ ಕಾಣುತ್ತೆ ನಿಜ, ಅದರಲ್ಲಿರೋದು ಕೋಬಾಲ್ಟ್ ಕ್ಲೋರೈಡ್, ವಿಷ. ಯಾವುದೇ ಆದರೂ ಆ ಬಾಣಲೆ ಮತ್ತೆ ಒಗ್ಗರಣೆಗೆ ಬೇಡ. ಹುರಿದದ್ದು ಪೂರ್ತಿ ಆರಿದ ಮೇಲೆ ಡಬ್ಬಕ್ಕೆ.

ಅಕ್ಕಿಯಲ್ಲಿ ಹೂತಿಡಿ ಅನ್ನೋರ ಮಾತು ಕೇಳಬೇಡಿ, ಲೆನ್ಸಿನ ಉಂಗುರದ ಸಂದಿಗೆಲ್ಲಾ ಹಿಟ್ಟು. ನುಸಿಗುಳಿಗೆ ತೇವ ಹೀರಲ್ಲ. ಮಳೆಯಲ್ಲಿ ನೆನೆದು ಬಂದ ದಿನ ಹಾಗೇ ಡಬ್ಬಕ್ಕೆ ಹಾಕದೆ, ಒರೆಸಿ, ಫ್ಯಾನ್ ಕೆಳಗೆ ಒಂದೆರಡು ಗಂಟೆ ಬಿಟ್ಟು ಆಮೇಲೆ ಇಡಿ. ಮತ್ತೆ, ಹೊರತೆಗೆದು ಬಳಸಿ. ತಿಂಗಳಿಗೆ ನಾಲ್ಕು ದಿನ ಬೆಳಕು ಗಾಳಿ ಕಂಡ ಲೆನ್ಸಿಗಿಂತ ಬೀರುವಿನಲ್ಲಿ ಜೋಪಾನ ಮಾಡಿದ್ದೇ ಬೇಗ ಕೆಡೋದು.

ತೋಟದಮನೆ:

ಕ್ಯಾಮೆರಾ ಬಂತು, ಲೆನ್ಸ್ ಒಳಗೆ ಚೊಕ್ಕ ಇದೆ. 50 ಎಂಎಂ ಎಫ್/1.8ಡಿ ಕೂಡ ಸಿಕ್ಕಿತು. ಅದನ್ನ ಹಾಕಿದರೆ ಮೇಲಿನ ಸಣ್ಣ ಪರದೆಯಲ್ಲಿ ಎಫ್‌ಇಇ ಅಂತ ಮಿನುಗುತ್ತೆ, ಕ್ಲಿಕ್ಕೇ ಆಗಲ್ಲ. ಲೆನ್ಸ್ ಹಾಳಾ? ಶನಿವಾರ ಆಟ ಇದೆ, ಸೆಟ್ಟಿಂಗ್ ಹೇಗಿಡಲಿ?

ಎಫ್‌ಎಂಟು:

ಹಾಳಾಗಿಲ್ಲ. ಆ ಲೆನ್ಸಿನ ಮೇಲೇ ಅಪರ್ಚರ್ ಉಂಗುರ ಇದೆ. ಅದನ್ನ ಕಿತ್ತಳೆ ಬಣ್ಣದ 22ಕ್ಕೆ ತಿರುಗಿಸಿ, ಪಕ್ಕದ ಸಣ್ಣ ಗುಂಡಿ ಸರಿಸಿ ಲಾಕ್ ಮಾಡಿ. ಎಫ್‌ಇಇ ಹೋಗುತ್ತೆ, ಅಪರ್ಚರ್ ಇನ್ನು ಬಾಡಿಯ ಚಕ್ರದಿಂದಲೇ.

ಶನಿವಾರಕ್ಕೆ: ಎ ಮೋಡ್, ಎಫ್/2, ಆಟೋ ಐಎಸ್‌ಒ ಆನ್, ಗರಿಷ್ಠ 6400, ಕನಿಷ್ಠ ಶಟರ್ 1/250. ರಾ (ಆಮೇಲೆ ತಿದ್ದೋಕೆ ಅನುಕೂಲವಾದ ಮೂಲ ಫೈಲು) ಮತ್ತು ಜೆಪೆಗ್ ಎರಡೂ. ರಾ ಒಂದಕ್ಕೆ 30 ಎಂಬಿವರೆಗೆ ಹೋಗುತ್ತೆ, 64 ಜಿಬಿ ಕಾರ್ಡು ಒಂದು ರಾತ್ರಿಗೆ ಧಾರಾಳ. ಹಿಂದೆಲ್ಲಾ ಕತ್ತಲು ಇರೋದ್ರಿಂದ ಕ್ಯಾಮೆರಾ ಮೋಸಹೋಗಿ ಮುಖದ ಬಣ್ಣವನ್ನ ಸುಣ್ಣದ ಹಾಗೆ ಬೆಳ್ಳಗೆ ಮಾಡುತ್ತೆ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋದ ಬೆಳಕು ಹೆಚ್ಚು ಕಡಿಮೆ ಮಾಡೋ ಸೆಟ್ಟಿಂಗ್) ಮೈನಸ್ 1ರಿಂದ ಶುರುಮಾಡಿ. ಫೋಕಸ್ ಒಂದೇ ಪಾಯಿಂಟ್, ಎಎಫ್-ಸಿ (ವೇಷ ಸರಿದಂತೆ ಫೋಕಸ್ ಹಿಂಬಾಲಿಸುತ್ತೆ).

ಮೊದಲ ಹತ್ತು ನಿಮಿಷದಲ್ಲೇ ಸಾಲಾಗಿ ಹತ್ತು ಫೋಟೋ ತೆಗೆದು ಹಿಗ್ಗಿಸಿ ನೋಡಿ. ಒಂದು ಬೆಳ್ಳಗೆ, ಒಂದು ಮಂಕು, ಅಥವಾ ಅಡ್ಡಪಟ್ಟೆ ಕಂಡರೆ ಅದು ದೀಪದ ಮಿಣುಕು. ನಮ್ಮ ಕರೆಂಟು 50 ಸೈಕಲ್ಲಿನದು, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತೆ. ಶಟರ್ 1/100ಕ್ಕೆ ತಂದರೆ ಪ್ರತಿ ಫೋಟೋಗೂ ಒಂದು ಪೂರ್ತಿ ಮಿಡಿತ ಸಿಕ್ಕಿ ಸಮ ಆಗುತ್ತೆ. ಆಗ ಗಿರಕಿ ಬಿಟ್ಟು, ವೇಷ ಒಂದು ಕ್ಷಣ ನಿಲ್ಲುವ ಜಾಗಕ್ಕೆ ಕಾಯಿರಿ. ಪದ್ಯದ ಕೊನೆಗೆ ಚೆಂಡೆಯ ಮುಕ್ತಾಯ ಬೀಳುತ್ತಲ್ಲ, ಅಲ್ಲಿ. ಫ್ಲ್ಯಾಶ್ ಹಾಕಬೇಡಿ, ಡಿ7200ರ ಎ ಮೋಡ್‌ನಲ್ಲಿ ಅದು ತಾನಾಗಿ ಏಳಲ್ಲ, ನೀವೂ ಎಬ್ಬಿಸಬೇಡಿ.